ಟ್ರ್ಯಾಕ್ಟರನ್ನು ಐದು ಪಾಲು ಮಾಡಿದ್ದು

ಹೊಲವನ್ನು ಪಾಲು ಮಾಡಬಹುದು. ಹಗ್ಗ ಹಿಡಿದು ಅಳೆದು ನಡುವೆ ಬದು ಹಾಕಿದರೆ ಮುಗಿಯಿತು. ಮನೆಗೆ ಗೋಡೆ ಎಬ್ಬಿಸಬಹುದು. ಕುರಿಗಳನ್ನು ಎಣಿಸಿ ಹಂಚಬಹುದು. ಟ್ರ್ಯಾಕ್ಟರನ್ನು ಹಾಗೆ ಮಾಡಲು ಬರುವುದಿಲ್ಲ. ಒಬ್ಬರು ಇಟ್ಟುಕೊಳ್ಳಬೇಕು, ಮಿಕ್ಕವರಿಗೆ ದುಡ್ಡು ಕೊಡಬೇಕು. ಎಷ್ಟು ದುಡ್ಡು ಅನ್ನೋದೇ ಜಗಳ.

ನಮ್ಮ ಚಳ್ಳಕೆರೆ ಕಡೆ ಶೇಂಗಾ ಬೆಳೆಯುವ ಹಳ್ಳಿಗಳಲ್ಲಿ ಈ ಜಗಳ ಈಗ ಜಾಸ್ತಿ ಆಗುತ್ತಿದೆ. ಸಾಲ ಮಾಡಿ ಟ್ರ್ಯಾಕ್ಟರ್ ತಂದ ತಲೆಮಾರು ಒಬ್ಬೊಬ್ಬರಾಗಿ ಹೋಗುತ್ತಿದೆ. ಆರ್.ಸಿ. ಪುಸ್ತಕದಲ್ಲಿ ಹೆಸರು ತೀರಿಕೊಂಡವರದು, ಸ್ಟೇರಿಂಗ್ ಹಿಡಿದಿರುವವನು ಮಗ, ಪಾಲು ಕೇಳುವವರು ನಾಲ್ಕಾರು ಜನ. ಹೊಲದ ವಿಷಯಕ್ಕೆ ಪೌತಿ ಖಾತೆ ಇದೆ, ಊರಲ್ಲಿ ಎಲ್ಲರಿಗೂ ಗೊತ್ತು. ವಾಹನಕ್ಕೆ ಏನು ಮಾಡಬೇಕು ಅಂತ ಕೇಳಿದರೆ ಹಿರಿಯರೂ ತಲೆ ಕೆರೆದುಕೊಳ್ಳುತ್ತಾರೆ. ನಮ್ಮ ಅಣ್ಣನ ಮನೆಯಲ್ಲಿ ಇದನ್ನು ಹೇಗೆ ಬಗೆಹರಿಸಿದೆವು ಅಂತ ಲೆಕ್ಕ ಸಮೇತ ಬರೆಯುತ್ತಿದ್ದೇನೆ. ಬೇರೆ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಅಣ್ಣ 2022ರ ಮಾರ್ಚ್‌ನಲ್ಲಿ ತೀರಿಕೊಂಡ. ನಾವಿಬ್ಬರೂ 2004ರಲ್ಲೇ ಬೇರೆ ಆಗಿದ್ದೆವು. ಟ್ರ್ಯಾಕ್ಟರ್ ಅವನು 2014ರ ಮುಂಗಾರಿಗೆ ಕೊಂಡದ್ದು, 39 ಎಚ್.ಪಿ.ಯದು, ಆಗಿನ ಬೆಲೆ 5,80,000. ಅದು ಅವನ ಸ್ವಂತ ಗಳಿಕೆ, ನನಗೆ ಅದರಲ್ಲಿ ಪಾಲಿಲ್ಲ. ಅದಕ್ಕೇ ಅತ್ತಿಗೆ, 'ನೀನೇ ಕುಂತು ಹರಿದು ಕೊಡಪ್ಪಾ' ಅಂದರು.

ಯಾರ್‍ಯಾರು ಪಾಲುದಾರರು?

ಊರಿನ ಲೆಕ್ಕದಲ್ಲಿ ಇಬ್ಬರು ಗಂಡುಮಕ್ಕಳು, ಎರಡು ಪಾಲು. ಕಾನೂನಿನ ಲೆಕ್ಕ ಬೇರೆ. 1956ರ ಹಿಂದೂ ವಾರಸಾ ಕಾಯಿದೆ ಪ್ರಕಾರ, ಉಯಿಲು ಬರೆಯದೆ ಸತ್ತವನ ಸ್ವಂತ ಗಳಿಕೆ ಅವನ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಮತ್ತೆ ಬದುಕಿದ್ದರೆ ಅವನ ತಾಯಿ, ಇಷ್ಟೂ ಜನಕ್ಕೆ ಸಮ ಸಮ. ಹೆಣ್ಣುಮಕ್ಕಳಿಗೆ ಪಾಲು ಅಂದರೆ 2005ರ ತಿದ್ದುಪಡಿ ಅಂತ ಎಲ್ಲರೂ ಹೇಳುತ್ತಾರೆ. ಅದು ಪಿತ್ರಾರ್ಜಿತದ ಮಾತು. ತಂದೆಯ ಸ್ವಂತ ಗಳಿಕೆಯಲ್ಲಿ ಮಗಳಿಗೆ ಪಾಲು 1956ರಿಂದಲೇ ಇದೆ. ತಾಯಿಯ ಪಾಲನ್ನಂತೂ ಯಾರೂ ನೆನೆಸಿಕೊಳ್ಳುವುದೇ ಇಲ್ಲ.

ಹಾಗಾಗಿ ಅವ್ವ, ಅತ್ತಿಗೆ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಹೋದ ಮಗಳು, ಐದು ಪಾಲು. ಇಲ್ಲಿ ಒಂದು ತೊಡಕಿತ್ತು. ಅವ್ವ ಇರುವುದು ನನ್ನ ಮನೆಯಲ್ಲಿ. ಟ್ರ್ಯಾಕ್ಟರಿಗೆ ಬೆಲೆ ಹೆಚ್ಚು ಕಟ್ಟಿದರೆ ಅವ್ವನ ಪಾಲು ಹೆಚ್ಚು, ಅಂದರೆ ನನ್ನ ಮನೆಗೇ ದುಡ್ಡು ಬಂದ ಹಾಗೆ. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ದೊಡ್ಡ ಮಗನ ಮುಖದಲ್ಲಿ ಆ ಮಾತು ಇತ್ತು. ನಾನೇ ಮೊದಲು ಹೇಳಿಬಿಟ್ಟೆ: ಬೆಲೆ ನಾನು ಹೇಳೋದಿಲ್ಲ, ಬೆಲೆ ಹೇಗೆ ಕಟ್ಟಬೇಕು ಅನ್ನೋದನ್ನು ಮಾತ್ರ ಹೇಳುತ್ತೇನೆ. ಅವ್ವನ ಪಾಲಿನ ದುಡ್ಡು ಅವ್ವನ ಪಾಸ್‌ಬುಕ್ಕಿಗೇ ಹೋಗಬೇಕು.

ಐದು ಜನ, ನಾಲ್ಕು ಬೆಲೆ

ದೊಡ್ಡ ಮಗ ಊರಲ್ಲಿದ್ದು ಟ್ರ್ಯಾಕ್ಟರ್ ಓಡಿಸುವವನು. ಅವನು 2 ಲಕ್ಷ ಅಂದ. 'ಚಿಗಪ್ಪ, ಇದು ಎರಡಕ್ಕಿಂತ ಮ್ಯಾಲೆ ಹೋಗಲ್ಲ. ಇಂಜಿನ್ ಕೆಲಸ ಬಾಕಿ ಐತಿ.' ಸಣ್ಣವನು ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ಅವನು ಮೊಬೈಲಿನಲ್ಲಿ ಹಳೇ ಟ್ರ್ಯಾಕ್ಟರ್ ಮಾರುವ ಜಾಹೀರಾತು ನೋಡಿಕೊಂಡು ಬಂದಿದ್ದ, 3,90,000 ಅಂದ. ಅಳಿಯ ವಿಮೆಯ ಪಾಲಿಸಿ ಬಿಚ್ಚಿ 1,90,000 ಅಂತ ಬರೆದಿದ್ದನ್ನು ತೋರಿಸಿ, 'ಇದು ಕಂಪನಿಯವರೇ ಕಟ್ಟಿದ ಬೆಲೆ ಅಲ್ವಾ?' ಅಂದರು. ನಮ್ಮೂರಿನ ಲೆಕ್ಕ ಬರೆಯುವ ಹುಡುಗ ಒಬ್ಬ, ಸವಕಳಿ ಹಾಕಿ 1,34,000 ಅಂತ ತೆಗೆದ. ಒಂದೇ ಯಂತ್ರ, ನಾಲ್ಕು ಬೆಲೆ.

ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಬೇರೆ ಬೇರೆ ಕೆಲಸಕ್ಕೆ ಕಟ್ಟಿದ ಬೆಲೆಗಳು, ಅಷ್ಟೆ.

ಸವಕಳಿ ಲೆಕ್ಕ ಅಂದರೆ ಆದಾಯ ತೆರಿಗೆಯವರ ಲೆಕ್ಕ. ವರ್ಷಾ ವರ್ಷಾ ಉಳಿದ ಬೆಲೆಯಲ್ಲಿ ನೂರಕ್ಕೆ 15 ಕಳೆಯುತ್ತಾ ಹೋಗುವುದು. 5,80,000ದಿಂದ ಒಂಬತ್ತು ವರ್ಷ ಕಳೆದರೆ 1,34,000 ಚಿಲ್ಲರೆ ಉಳಿಯುತ್ತದೆ, ಹುಡುಗನ ಲೆಕ್ಕ ಸರಿಯೇ. ಆದರೆ ಆ ಲೆಕ್ಕಕ್ಕೆ ಅಣ್ಣ ಎಷ್ಟು ಗಂಟೆಗೊಮ್ಮೆ ಆಯಿಲ್ ಬದಲಿಸುತ್ತಿದ್ದ ಅನ್ನೋದು ಗೊತ್ತಿಲ್ಲ. ಒಂಬತ್ತು ವರ್ಷ ಕೊಟ್ಟಿಗೆಯಲ್ಲಿ ನಿಂತ ಟ್ರ್ಯಾಕ್ಟರಿಗೂ ಮರಳು ಹೊಡೆದು ಸವೆಸಿದ ಟ್ರ್ಯಾಕ್ಟರಿಗೂ ಅದು ಒಂದೇ ಬೆಲೆ ಹೇಳುತ್ತದೆ.

ವಿಮೆಯ ಬೆಲೆಯದು ಇನ್ನೊಂದು ದಾರಿ. ಅದು ಆ ಮಾದರಿಯ ಹೊಸ ಗಾಡಿಯ ಈಗಿನ ಬೆಲೆಯಿಂದ ಶುರುವಾಗುತ್ತದೆ. ಆರು ತಿಂಗಳ ಒಳಗೆ ನೂರಕ್ಕೆ 5 ಕಳೆಯುತ್ತಾರೆ, ವರ್ಷದೊಳಗೆ 15, ಎರಡು ವರ್ಷದೊಳಗೆ 20, ಆಮೇಲೆ 30, 40, ಐದನೇ ವರ್ಷಕ್ಕೆ 50. ಐದು ವರ್ಷ ದಾಟಿದ ಮೇಲೆ ಪಟ್ಟಿಯೇ ಇಲ್ಲ, ಕಂಪನಿಯವರೂ ಮಾಲೀಕನೂ ಮಾತಾಡಿಕೊಂಡು ಒಂದು ಅಂಕಿ ಬರೆಯುತ್ತಾರೆ. ಬೆಲೆ ಕಮ್ಮಿ ಬರೆಸಿದರೆ ಕಂತು ಕಮ್ಮಿ ಅಂತ ನಮ್ಮ ರೈತರು ಕಮ್ಮಿಯೇ ಬರೆಸುತ್ತಾರೆ. ಗಾಡಿ ಕಳುವಾದರೆ ಆಗ ಅಳುತ್ತಾರೆ, ಅದು ಬೇರೆ ಮಾತು. ಒಂಬತ್ತು ವರ್ಷದ ಟ್ರ್ಯಾಕ್ಟರಿನ ಪಾಲಿಸಿಯಲ್ಲಿರುವ ಅಂಕಿಯನ್ನು ಪಾಲಿನ ಬೆಲೆ ಅಂತ ಹಿಡಿಯಬಾರದು.

ಮೊಬೈಲಿನಲ್ಲಿ ಕಾಣುವುದು ಮಾರುವವನು ಕೇಳುವ ಬೆಲೆ. ಕೊಡುವವನು ಕೊಟ್ಟ ಬೆಲೆ ಅಲ್ಲಿ ಕಾಣುವುದಿಲ್ಲ. ಸಂತೆಯಲ್ಲಿ ಎತ್ತು ಮಾರುವವನು ಮೊದಲು ಹೇಳುವ ಬೆಲೆಗೆ ಯಾರಾದರೂ ಕೊಂಡದ್ದು ಕಂಡಿದ್ದೀರಾ?

ನಮ್ಮ ವಕೀಲರು ಇನ್ನೊಂದು ಮಾತು ಹೇಳಿದರು. ಹಿಂದೆ 1953ರ ಕಾನೂನಿನಲ್ಲಿ ಸತ್ತವರ ಆಸ್ತಿ ಮೇಲೆ ತೆರಿಗೆ ಇತ್ತಂತೆ, 1985ರಲ್ಲಿ ಅದು ಹೋಯಿತು. ಈಗ ಸರ್ಕಾರಕ್ಕಾಗಿ ಬೆಲೆ ಕಟ್ಟಬೇಕಾಗಿಲ್ಲ. ಬೆಲೆ ನಮ್ಮ ನಮ್ಮೊಳಗಿನ ನ್ಯಾಯಕ್ಕೆ ಮಾತ್ರ. ಅಂದ ಮೇಲೆ ಇವತ್ತು ನಮ್ಮ ತಾಲೂಕಿನಲ್ಲಿ ಇದನ್ನು ಮಾರಿದರೆ ಕೈಗೆ ಬರುವ ದುಡ್ಡು ಎಷ್ಟೋ ಅದೇ ಬೆಲೆ.

ಮೂರು ಚೀಟಿ

2023ರ ಮೇ ತಿಂಗಳಲ್ಲಿ ಎಲ್ಲರೂ ಸೇರಿದಾಗ ಮೂವರನ್ನು ಕರೆಸಿದೆವು. ಒಬ್ಬರು ಮೇಸ್ತ್ರಿ. ನಮ್ಮ ಟ್ರ್ಯಾಕ್ಟರಿಗೆ ಯಾವತ್ತೂ ಕೈ ಹಾಕದ, ಬೇರೆ ಊರಿನ ಮೇಸ್ತ್ರಿ. ದೊಡ್ಡ ಮಗನ ಮಾಮೂಲಿ ಮೇಸ್ತ್ರಿಯನ್ನು ಕರೆದರೆ ಪಾಪ ಅವನಿಗೇ ಇಕ್ಕಟ್ಟು. ಎರಡನೆಯವರು ಅದೇ ಮಾದರಿಯ ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಒಬ್ಬ ರೈತರು. ಮೂರನೆಯವರು ಹಳೇ ಟ್ರ್ಯಾಕ್ಟರ್ ಕೊಂಡು ಮಾರುವ ವ್ಯಾಪಾರಸ್ಥರು. ಮೂವರೂ ಬೆಲೆಯನ್ನು ಬಾಯಲ್ಲಿ ಹೇಳಬಾರದು, ಬೇರೆ ಬೇರೆ ಚೀಟಿಯಲ್ಲಿ ಬರೆದು ಅವ್ವನ ಕೈಗೆ ಕೊಡಬೇಕು ಅಂತ ಮಾಡಿದೆವು. ಒಬ್ಬರು ಬಾಯಿಬಿಟ್ಟರೆ ಇನ್ನೊಬ್ಬರು ಅದರ ಹಿಂದೆಯೇ ಹೋಗುತ್ತಾರೆ.

ಮೇಸ್ತ್ರಿ ನೋಡಿದ ರೀತಿ ಬರೆಯಲೇಬೇಕು, ಹಳೇ ಟ್ರ್ಯಾಕ್ಟರ್ ಕೊಳ್ಳುವವರಿಗೂ ಬೇಕಾದದ್ದು. ಹಿಂದಿನ ದಿನವೇ ಫೋನು ಮಾಡಿ, ನಾನು ಬರೋ ತನಕ ಯಾರೂ ಸ್ಟಾರ್ಟ್ ಮಾಡಬಾರದು ಅಂತ ಹೇಳಿದ್ದರು. ಬೆಳಗ್ಗೆ ಬಂದವರೇ ಇಂಜಿನ್ನಿನ ಮೇಲೆ ಕೈ ಇಟ್ಟು ನೋಡಿದರು. ತಣ್ಣಗಿರುವ ಇಂಜಿನ್ ಎಷ್ಟು ಹೊತ್ತಿಗೆ ಹಿಡಿಯುತ್ತದೆ ಅನ್ನೋದರಲ್ಲೇ ಅರ್ಧ ತಿಳಿಯುತ್ತದಂತೆ. ಸ್ಟಾರ್ಟ್ ಆದ ಮೇಲೆ ಹೊಗೆ. ಕಪ್ಪು ಹೊಗೆ ಬಂದರೆ ಡೀಸೆಲ್ ಸರಿ ಉರಿಯುತ್ತಿಲ್ಲ, ಏರ್ ಕ್ಲೀನರ್, ನಾಜಲ್, ಪಂಪಿನ ಕೆಲಸ, ಅದು ಸಣ್ಣ ಖರ್ಚು. ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ, ಅದು ದೊಡ್ಡ ಖರ್ಚು. ನಮ್ಮದರಲ್ಲಿ ಶುರುವಿಗೆ ಸ್ವಲ್ಪ ನೀಲಿ ಬಂದು ಆಮೇಲೆ ನಿಂತಿತು. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದರು. ಅಲ್ಲಿಂದ ಹೊಗೆ ಬುಸುಬುಸು ಒದ್ದರೆ ರಿಂಗು, ಲೈನರ್ ಸವೆದಿವೆ ಅಂತ. ನಮ್ಮದು ಮೆಲ್ಲಗೆ ಉಸಿರಾಡುತ್ತಿತ್ತು. 'ಇನ್ನೊಂದೆರಡು ವರ್ಷ ಓಡ್ತದೆ, ಆಮೇಲೆ 55-60 ಸಾವಿರದ ಕೆಲಸ ಬರ್ತದೆ' ಅಂದರು.

ರೇಡಿಯೇಟರ್ ನೀರಿನಲ್ಲಿ ಆಯಿಲ್ ತೇಲುತ್ತಿದೆಯಾ, ಆಯಿಲ್ ಕಡ್ಡಿಗೆ ಹಾಲಿನ ಬಣ್ಣ ಬಂದಿದೆಯಾ ನೋಡಿದರು. ಕಲ್ಟಿವೇಟರ್ ಕಟ್ಟಿಸಿ ಮೇಲಕ್ಕೆತ್ತಿ ಇಂಜಿನ್ ನಿಲ್ಲಿಸಿ ಟೀ ಕುಡಿಯಲು ಕುಳಿತರು. ಟೀ ಮುಗಿಯುವಷ್ಟರಲ್ಲಿ ಕಲ್ಟಿವೇಟರ್ ಗೇಣುದ್ದ ಇಳಿದಿತ್ತು. ಲಿಫ್ಟ್‌ನ ಸೀಲುಗಳು ಹೋಗುತ್ತಿವೆ ಅಂತ ಬರೆದುಕೊಂಡರು. ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ ಅಲ್ಲಾಡಿಸಿ ಬುಷ್ ನೋಡಿದರು. ಹಿಂದಿನ ಟೈರು ಹೊಸವು, ಅದರದೇ ಒಂದು ಕಥೆ, ಮುಂದೆ ಹೇಳುತ್ತೇನೆ.

ಅವರ್ ಮೀಟರ್ 6,140 ತೋರಿಸುತ್ತಿತ್ತು. ಅದನ್ನು ಕಣ್ಣುಮುಚ್ಚಿ ನಂಬಬಾರದು. ಹಳೇ ಮಾದರಿಗಳಲ್ಲಿ ಕೇಬಲ್ ಕಿತ್ತುಹೋದರೆ ಮೀಟರ್ ಅಲ್ಲೇ ನಿಲ್ಲುತ್ತದೆ, ಟ್ರ್ಯಾಕ್ಟರ್ ಓಡುತ್ತಲೇ ಇರುತ್ತದೆ. ಅಣ್ಣ ಸರ್ವಿಸ್ ಮಾಡಿಸಿದ ಚೀಟಿಗಳನ್ನೆಲ್ಲ ಒಂದು ತಗಡಿನ ಡಬ್ಬಿಯಲ್ಲಿ ಇಟ್ಟಿದ್ದ. ಒಂದೊಂದರ ಮೇಲೂ ತಾರೀಖು, ಮೀಟರ್ ಅಂಕಿ. ಜೋಡಿಸಿ ನೋಡಿದರೆ ಎಲ್ಲೂ ಕೊಂಡಿ ತಪ್ಪಿರಲಿಲ್ಲ. ಆ ಡಬ್ಬಿಗೇ ಹತ್ತು ಸಾವಿರ ಬೆಲೆ ಇದೆ ಅಂತ ಮೇಸ್ತ್ರಿ ಹೇಳಿದರು. ಆಮೇಲೆ ಇಂಜಿನ್ ನಂಬರು, ಚಾಸಿ ನಂಬರು ಆರ್.ಸಿ.ಗೆ ತಾಳೆ ಮಾಡಿದೆವು. ನೋಂದಣಿ ಹದಿನೈದು ವರ್ಷಕ್ಕೆ, ಅಂದರೆ 2029ರ ತನಕ. ಅದಾದ ಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಕೊಳ್ಳುವವನು ಇದನ್ನೂ ಲೆಕ್ಕ ಹಾಕುತ್ತಾನೆ.

ಚೀಟಿ ಬಿಚ್ಚಿದಾಗ ರೈತರು 2,85,000, ಮೇಸ್ತ್ರಿ 2,70,000, ವ್ಯಾಪಾರಸ್ಥರು 2,40,000. ಸರಾಸರಿ ತೆಗೆಯೋಣ ಅಂತ ಸಣ್ಣ ಮಗ ಅಂದ. ನಾನು ಬೇಡ ಅಂದೆ. ವ್ಯಾಪಾರಸ್ಥರು ತಮ್ಮ ಲಾಭ ಬಿಟ್ಟು ಬೆಲೆ ಹೇಳುತ್ತಾರೆ, ಅದು ಅವರ ಕಸುಬು, ತಪ್ಪೇನಿಲ್ಲ. ಸರಾಸರಿ ಮಾಡಿದರೆ ಆ ಲಾಭವನ್ನು ನಾವೇ ನಮ್ಮ ಪಾಲಿನಿಂದ ಕೊಟ್ಟ ಹಾಗೆ. ಮೂರರಲ್ಲಿ ನಡುವಿನದನ್ನು ಹಿಡಿಯೋದು ಒಳ್ಳೆಯದು. ಜೊತೆಗೆ ಎರಡು ತಿಂಗಳ ಹಿಂದೆ ಪಕ್ಕದ ಹಳ್ಳಿಯಲ್ಲಿ ಇದೇ ಮಾದರಿಯ, ಹೆಚ್ಚು ಕಡಿಮೆ ಇದೇ ವಯಸ್ಸಿನದು ಮಾರಾಟ ಆಗಿತ್ತು. ಕೊಂಡವರನ್ನೂ ಮಾರಿದವರನ್ನೂ ಬೇರೆ ಬೇರೆ ಕೇಳಿಸಿದೆವು. ಕೊಂಡವರು 2,85,000 ಕೊಟ್ಟೆ ಅಂದರು, ಮಾರಿದವರು 2,70,000 ಬಂತು ಅಂದರು. ನಡುವಿನ 15,000 ದಲ್ಲಾಳಿಯದು. ಕೈಗೆ ಬರುವುದು 2,70,000 ಅಂತ ಅಲ್ಲಿಗೆ ಖಾತ್ರಿ ಆಯಿತು.

ಆದರೂ ಅಣ್ಣ ತಮ್ಮ ಒಪ್ಪಲಿಲ್ಲ. ಆಗ ನಾನು ಹಳೇ ಕಾಲದ ಪಂಚಾಯ್ತಿಯ ಮಾತನ್ನೇ ಹೇಳಿದೆ: ಬೆಲೆ ಹೇಳಿದವನು ಆ ಬೆಲೆಗೆ ಕೊಡಲೂ ತಯಾರಿರಬೇಕು, ತಗೊಳ್ಳಲೂ ತಯಾರಿರಬೇಕು. ಸಣ್ಣವನಿಗೆ, 'ಮೂರು ತೊಂಬತ್ತಕ್ಕೆ ನೀನೇ ಇಟ್ಟುಕೊಂಡು ಮಿಕ್ಕ ನಾಲ್ಕು ಜನಕ್ಕೆ ದುಡ್ಡು ಕೊಡು' ಅಂದೆ. ಸುಮ್ಮನಾದ. ದೊಡ್ಡವನಿಗೆ ನಾನು ಹೇಳುವ ಮೊದಲೇ ತಂಗಿ ಹೇಳಿದಳು. 'ಅಣ್ಣಾ, ಎರಡು ಲಕ್ಷಕ್ಕಾದರೆ ನಾನೇ ತಗೋತೀನಿ. ನಮ್ಮನೆಯವರು ನಾಳೇನೇ ಬಂದು ಹೊಡ್ಕೊಂಡು ಹೋಗ್ತಾರೆ.' ಅವನು ಅವಳ ಮುಖ ನೋಡಿದ, ಆಮೇಲೆ ನೆಲ ನೋಡಿದ. 2,70,000ಕ್ಕೆ ಒಪ್ಪಿಗೆ ಆಯಿತು.

ಹಿಂದೆ ಕಟ್ಟುವ ಸಾಮಾನುಗಳಿಗೆ ಇಷ್ಟು ಹೊತ್ತು ಹಿಡಿಯಲಿಲ್ಲ. ಟ್ರೇಲರ್ 65,000, ರೋಟವೇಟರ್ 45,000, ಒಂಬತ್ತು ಹಲ್ಲಿನ ಕಲ್ಟಿವೇಟರ್ 14,000, ಕೂರಿಗೆ 12,000, ಒಟ್ಟು 1,36,000. ಟ್ರೇಲರ್ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು, ನೋಂದಣಿ ಇಲ್ಲ. ಟ್ರೇಲರಿಗೆ ಟ್ರ್ಯಾಕ್ಟರಿನ ಆರ್.ಸಿ. ಸಾಲದು, ಅದಕ್ಕೇ ಬೇರೆ ನೋಂದಣಿ ಬೇಕು. ಕಾಗದ ಇದ್ದಿದ್ದರೆ 90,000 ಬಾಳುತ್ತಿತ್ತು ಅಂತ ವ್ಯಾಪಾರಸ್ಥರು ಅಂದರು.

ಹದಿನಾಲ್ಕು ತಿಂಗಳ ಬಾಡಿಗೆ

ನಿಜವಾದ ತಕರಾರು ಇಲ್ಲಿ. ಅಣ್ಣ ತೀರಿದ್ದು ಮಾರ್ಚ್ 2022, ಪಾಲಿಗೆ ಕುಳಿತದ್ದು ಮೇ 2023. ಈ ಹದಿನಾಲ್ಕು ತಿಂಗಳು ದೊಡ್ಡ ಮಗ ಬಾಡಿಗೆ ಹೊಡೆದಿದ್ದಾನೆ. ಸತ್ತ ದಿನದ ಬೆಲೆ ಹಿಡಿಯಬೇಕಾ, ಇವತ್ತಿನದಾ? ಇವತ್ತಿನದು ಹಿಡಿದರೆ, 'ನಾನು ಹಾಕಿಸಿದ ಹೊಸ ಟೈರಿಗೂ ನಾನೇ ಪಾಲು ಕೊಡಬೇಕಾ?' ಅಂತ ಅವನು. ಟೈರಿಗೆ 42,000 ಕೊಟ್ಟಿದ್ದ. ಅದು ತನಗೆ ವಾಪಸ್ ಬರಬೇಕು ಅಂದ. ಮಾತು ನ್ಯಾಯವಾಗೇ ಕೇಳಿಸಿತು. ತಂಗಿ ಬಿಡಲಿಲ್ಲ. 'ಆ ದುಡ್ಡು ಎಲ್ಲಿಂದ ಬಂತು?' ಅಂದಳು.

ಒಳ್ಳೆಯದು ಏನಾಗಿತ್ತು ಅಂದರೆ ಹುಡುಗ ನೋಟ್‌ಬುಕ್ ಇಟ್ಟಿದ್ದ. ಅಪ್ಪನ ಅಭ್ಯಾಸ. ಉಳುಮೆ, ಬಿತ್ತನೆ, ಟ್ರೇಲರ್ ಬಾಡಿಗೆ ಎಲ್ಲಾ ಸೇರಿ ಬಂದದ್ದು 3,10,000. ಡೀಸೆಲ್ಲಿಗೆ 1,32,000. ಆಯಿಲ್, ಫಿಲ್ಟರ್, ರಿಪೇರಿಗೆ 24,000. ಅವನು ತನ್ನ ಕೂಲಿ ಬರೆದಿರಲಿಲ್ಲ, ಕೇಳಲೂ ಇಲ್ಲ. ಅದು ಸರಿಯಲ್ಲ ಅಂತ ನಾನು ಹಿಡಿದೆ. ಬೇರೆ ಡ್ರೈವರ್ ಇಟ್ಟಿದ್ದರೆ ಕೊಡಬೇಕಾಗಿತ್ತಲ್ಲ? ಬಾಡಿಗೆ ಎಲ್ಲಾ ತಿಂಗಳೂ ಇರುವುದಿಲ್ಲ, ಹಾಗಾಗಿ ಸರಾಸರಿ ತಿಂಗಳಿಗೆ 4,000ದಂತೆ 56,000 ಹಾಕಿದೆವು. ಉಳಿದದ್ದು 98,000. ಅದರಲ್ಲಿ ಬ್ಯಾಂಕಿನ ಸಾಲಕ್ಕೆ 50,000 ಕಟ್ಟಿದ್ದ, ಟೈರಿಗೆ 42,000. ಕೈಯಲ್ಲಿ 6,000.

ಅಲ್ಲಿಗೆ ಟೈರಿನ ತಕರಾರು ತಾನಾಗೇ ಬಿತ್ತು. ಟ್ರ್ಯಾಕ್ಟರ್ ಎಲ್ಲರದು, ಅದು ದುಡಿದು ತನ್ನ ಟೈರು ತಾನೇ ಹಾಕಿಸಿಕೊಂಡಿದೆ, ತನ್ನ ಸಾಲ ತಾನೇ ತೀರಿಸಿದೆ. ಹುಡುಗನಿಗೆ ಟೈರಿನ ದುಡ್ಡು ಕೊಡಬೇಕಾಗಿಲ್ಲ, ಅವನೂ ಯಾರಿಗೂ ಬಾಡಿಗೆ ದುಡ್ಡು ಕೊಡಬೇಕಾಗಿಲ್ಲ. ಬಾಡಿಗೆ ಇಷ್ಟೂ ತಿಂದುಬಿಟ್ಟ ಅಂತ ಬೆಂಗಳೂರಿನವನಿಗೆ ಒಳಗೊಳಗೇ ಇದ್ದದ್ದೂ ಹೋಯಿತು. ನೋಟ್‌ಬುಕ್ ಇಲ್ಲದಿದ್ದರೆ ಈ ಅಣ್ಣ ತಮ್ಮ ಇವತ್ತಿಗೂ ಮಾತಾಡುತ್ತಿರಲಿಲ್ಲ. ಹೀಗೆ ಲೆಕ್ಕ ಇರುವಾಗ ಪಾಲಾದ ದಿನದ ಬೆಲೆ ಹಿಡಿಯುವುದೇ ಸರಳ.

ಕಾಗದದ ಕೆಲಸ

ಈ ಹದಿನಾಲ್ಕು ತಿಂಗಳಲ್ಲಿ ನನಗೆ ಭಯ ಇದ್ದದ್ದು ಬೇರೆಯದಕ್ಕೆ. ವಾಹನದ ಮಾಲೀಕ ತೀರಿಕೊಂಡರೆ ವಾರಸುದಾರರು 30 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಆ ಮೂರು ತಿಂಗಳು ಗಾಡಿ ಓಡಿಸಲು ನಿಯಮದಲ್ಲೇ ಅವಕಾಶ ಇದೆ. ವಿಮೆಯೂ ಹಾಗೇ. ಪಾಲಿಸಿದಾರ ತೀರಿದ ಮೇಲೆ ಪಾಲಿಸಿ ಮೂರು ತಿಂಗಳು, ಇಲ್ಲಾ ಅದರ ಅವಧಿ ಮುಗಿಯುವ ತನಕ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ. ಅಷ್ಟರೊಳಗೆ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ನಮ್ಮ ಹುಡುಗ ಅಪ್ಪನ ಹೆಸರಿಗೇ ಕಂತು ಕಟ್ಟಿ ರಸೀದಿ ಇಟ್ಟುಕೊಂಡಿದ್ದ. ದುಡ್ಡು ಕಟ್ಟಿದರೆ ರಸೀದಿ ಬರುತ್ತದೆ. ರಸ್ತೆಯಲ್ಲಿ ಯಾರಿಗಾದರೂ ಡಿಕ್ಕಿ ಆಗಿದ್ದರೆ ಆಗ ತಕರಾರು ಬರುತ್ತಿತ್ತು. ಪರಿಹಾರದ ಹೊರೆ ವಾರಸುದಾರರ ತಲೆಗೆ ಬಂದಿದ್ದರೆ 2,70,000ದ ಟ್ರ್ಯಾಕ್ಟರಿನ ಬೆಲೆ ಎಲ್ಲಿ ಉಳಿಯುತ್ತಿತ್ತು? ಹೊಲವನ್ನೂ ಎಳೆದುಕೊಂಡು ಹೋಗುತ್ತಿತ್ತು. ಏನೂ ಆಗಲಿಲ್ಲ, ದೇವರು ದೊಡ್ಡವನು.

ಕಾಗದಗಳು ಹೆಚ್ಚೇನಿಲ್ಲ. ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಆರ್.ಸಿ., ವಿಮೆ, ಮಿಕ್ಕ ವಾರಸುದಾರರು 'ನಮ್ಮ ತಕರಾರಿಲ್ಲ' ಅಂತ ಕೊಟ್ಟ ಪ್ರಮಾಣಪತ್ರ. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ಸಾಲ ತೀರಿದ ಮೇಲೆ ಫಾರಂ 35 ಕೊಟ್ಟು ಆರ್.ಸಿ.ಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ಟ್ರ್ಯಾಕ್ಟರ್ ಸಾಲಕ್ಕೆ ಹೊಲವನ್ನೂ ಬರೆದುಕೊಟ್ಟಿದ್ದರೆ ಪಹಣಿಯ 11ನೇ ಕಾಲಂನಲ್ಲಿ ಬೋಜ ಇರುತ್ತದೆ, ಅದನ್ನೂ ತೆಗೆಸಿಕೊಳ್ಳಿ. ಅನೇಕರು ಇದನ್ನು ಮರೆತು, ಹತ್ತು ವರ್ಷದ ಮೇಲೆ ಬೆಳೆಸಾಲಕ್ಕೆ ಹೋದಾಗ ನೆನೆಸಿಕೊಳ್ಳುತ್ತಾರೆ. 2021ರಿಂದ ಆರ್.ಸಿ.ಯಲ್ಲೇ ನಾಮಿನಿ ಹೆಸರು ಸೇರಿಸಲು ಅವಕಾಶ ಆಗಿದೆ. ವಯಸ್ಸಾದವರು ಸೇರಿಸಿಟ್ಟರೆ ಹೆಸರು ಬದಲಾವಣೆಯ ಓಡಾಟ ಕಮ್ಮಿ ಆಗುತ್ತದೆ. ಹಂಗಂತ ನಾಮಿನಿಗೇ ಪೂರ್ತಿ ಟ್ರ್ಯಾಕ್ಟರ್ ಅಂತ ತಿಳಿಯಬೇಡಿ.

ಕೊನೆಯ ಲೆಕ್ಕ

ಟ್ರ್ಯಾಕ್ಟರ್ 2,70,000, ಸಾಮಾನು 1,36,000, ಸೇರಿ 4,06,000. ಬ್ಯಾಂಕಿಗೆ ಬಡ್ಡಿ ಸೇರಿ ಬಾಕಿ 64,000, ಅದನ್ನು ಕಳೆದರೆ 3,42,000. ಕೈಯಲ್ಲಿದ್ದ 6,000 ಸೇರಿಸಿ, ಕಾಗದಪತ್ರದ ಖರ್ಚಿಗೆ 8,000 ತೆಗೆದರೆ 3,40,000. ಐದು ಪಾಲು, ತಲೆಗೆ 68,000. ಟ್ರ್ಯಾಕ್ಟರ್ ದೊಡ್ಡವನಿಗೆ, ಸಾಲವೂ ಅವನದೇ. ಅವನು ನಾಲ್ಕು ಜನಕ್ಕೆ ಕೊಡಬೇಕಾದದ್ದು 2,72,000.

ಮಳೆ ನಂಬಿ ಬದುಕುವವನು ಅಷ್ಟು ದುಡ್ಡು ಒಂದೇ ಸಲ ಎಲ್ಲಿಂದ ತರುತ್ತಾನೆ? ಬೇರೆ ಸಾಲ ಮಾಡಿಸಿದರೆ ಬಡ್ಡಿಗೇ ಟ್ರ್ಯಾಕ್ಟರ್ ಹೋಗುತ್ತದೆ. ತಮ್ಮ ಎರಡು ವರ್ಷ ಕಾಯುತ್ತೇನೆ ಅಂದ. ತಂಗಿಗೆ ಶೇಂಗಾ ಬಂದ ಮೇಲೆ ಅರ್ಧ, ಮುಂದಿನ ವರ್ಷ ಅರ್ಧ ಅಂತ ಆಯಿತು. ಅವ್ವನಿಗೆ ಮೂರು ಕಂತು.

ಅತ್ತಿಗೆ ಮಾತ್ರ ದುಡ್ಡು ಬೇಡ ಅಂದರು. ಅವರ ಹೆಸರಿಗೆ ನಾಲ್ಕು ಎಕರೆ ಬಿಟ್ಟಿದ್ದೆವು. 'ನನಗೆ ಅರವತ್ತೆಂಟು ಸಾವಿರ ತಗೊಂಡು ಏನು ಮಾಡ್ಲಿ? ಹದ ಆದ ಎರಡು ದಿನದಾಗೆ ನನ್ನ ಹೊಲ ಬಿತ್ತಿ ಕೊಡ್ಲಿ, ಸಾಕು' ಅಂದರು. ಬಾಡಿಗೆ ಟ್ರ್ಯಾಕ್ಟರ್ ನಂಬಿದವರಿಗೆ ಈ ಮಾತಿನ ಬೆಲೆ ಗೊತ್ತು. ನಮ್ಮ ಕೆಂಪು ನೆಲದಲ್ಲಿ ಆರಿದ್ರಾ, ಪುನರ್ವಸು ಮಳೆ ಬಿದ್ದು ಹದ ಆಯಿತು ಅಂದರೆ ಮೂರು ನಾಲ್ಕು ದಿನ, ಅಷ್ಟೆ. ಆ ದಿನಗಳಲ್ಲಿ ಊರಿಗೂರೇ ಬಿತ್ತನೆಗೆ ಬೀಳುತ್ತದೆ. ದುಡ್ಡು ಹಿಡಿದು ನಿಂತರೂ ಟ್ರ್ಯಾಕ್ಟರ್ ಸಿಗುವುದಿಲ್ಲ. ಗಂಡಸು ಇಲ್ಲದ ಮನೆಯ ಹೊಲ ಕೊನೆಗೇ ಬೀಳುತ್ತದೆ. ಮನೆ ಮುಂದೆ ಟ್ರ್ಯಾಕ್ಟರ್ ನಿಂತಿರುವುದಕ್ಕೆ ಒಂದು ಬೆಲೆ ಇದೆ, ಅದನ್ನು ಮೇಸ್ತ್ರಿಯೂ ಬರೆಯಲಿಲ್ಲ, ವ್ಯಾಪಾರಸ್ಥರೂ ಬರೆಯಲಿಲ್ಲ.

ಮಗನೇ ಅಲ್ಲವಾ, ಬಾಯಿಮಾತು ಸಾಕು ಅಂತ ಕುಳಿತವರು ಅಂದರು. ನಾನು ಬರೆಸಿದೆ. ಅತ್ತಿಗೆಯ ನಾಲ್ಕು ಎಕರೆಗೆ ಉಳುಮೆ, ಕುಂಟೆ, ಬಿತ್ತನೆ ಊರಿನ ಬಾಡಿಗೆ ಲೆಕ್ಕದಲ್ಲಿ ವರ್ಷಕ್ಕೆ 12,000 ಅಂತ ಹಿಡಿದು ಅವರ 68,000ದಲ್ಲಿ ಕಳೆಯುತ್ತಾ ಹೋಗುವುದು. ಹದ ಆದ ಎರಡು ದಿನದೊಳಗೆ ಬಿತ್ತದಿದ್ದರೆ ಆ ವರ್ಷದ್ದು ಕಳೆಯುವಂತಿಲ್ಲ. ಹೊಲ ಬಿತ್ತದ ವರ್ಷ ಮುಂದಕ್ಕೆ. ಟ್ರ್ಯಾಕ್ಟರ್ ಮಾರಿದರೆ ಉಳಿದದ್ದನ್ನು ದುಡ್ಡಾಗಿ ಕೊಡಬೇಕು. ಐವರೂ ಸಹಿ ಮಾಡಿದರು, ಅವ್ವ ಹೆಬ್ಬೆಟ್ಟು ಒತ್ತಿದಳು.

ಆ ವರ್ಷವೇ ಮಳೆ ಕೈಕೊಟ್ಟಿತು. 2023ರಲ್ಲಿ ರಾಜ್ಯದ 236 ತಾಲೂಕಿನಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರವೇ ಸಾರಿತು. ಶೇಂಗಾ ಕಿತ್ತರೆ ಕೂಲಿಯೂ ಹುಟ್ಟಲಿಲ್ಲ. ಮಗಳ ಕಂತು ಒಂದು ವರ್ಷ ಮುಂದಕ್ಕೆ ಹೋಯಿತು. ಅವಳು ಮುಖ ಗಂಟು ಹಾಕಿಕೊಂಡಳು, ಆದರೆ ಬೆಲೆಯ ಮಾತು ಮತ್ತೆ ಎತ್ತಲಿಲ್ಲ. 2024ರಲ್ಲಿ ಅವಳಿಗೆ ಅರ್ಧ ಬಂತು. ಅತ್ತಿಗೆ ಹೊಲದಲ್ಲಿ 2023ರಲ್ಲಿ ಬಿತ್ತನೆಯೇ ಆಗಲಿಲ್ಲ, ಲೆಕ್ಕ ಮುಂದಕ್ಕೆ ಹೋಯಿತು. 2024ರಲ್ಲಿ ಹದ ಆದ ಮರುದಿನವೇ ಅವರ ನಾಲ್ಕೂ ಎಕರೆ ಬಿತ್ತನೆ ಮುಗಿಯಿತು, ಆಮೇಲೆ ಹುಡುಗ ತನ್ನ ಹೊಲಕ್ಕೆ ಹೋದ. ಅತ್ತಿಗೆ ಕ್ಯಾಲೆಂಡರಿನ ಹಿಂದೆ 68ರಲ್ಲಿ 12 ಕಳೆದು 56 ಅಂತ ಬರೆದು ಗೋಡೆಗೆ ತೂಗುಹಾಕಿದ್ದಾರೆ.